ಬಿದ್ದರೂ ಏಳುವ ಪೆಟ್ಟಿಗೆ

ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವರು ಎಲ್ಲ ಊರುಗಳಲ್ಲೂ ಇರುತ್ತಾರೆ. ನೊಯೇಮಿಯ ಕೋಪ ಅಷ್ಟು ದೂರವೂ ಹೋಗಿರಲಿಲ್ಲ, ನಾಲಿಗೆಯ ಮೇಲೇ ಬಿಡಾರ ಹೂಡಿತ್ತು. ಸಾನ್ ರೋಕೆಯಲ್ಲಿ ರೇಡಿಯೊ ಕೆಡಲಿ, ಟಿವಿ ಕೆಡಲಿ, ಬಿಲಿಯರ್ಡ್ಸ್ ಅಂಗಡಿಯ ಜೂಜಿನ ಯಂತ್ರ ಕೆಡಲಿ, ಅವಳ ಹತ್ತಿರವೇ ಹೋಗಬೇಕು. ಹೋದವರು ಮೊದಲು ಬೈಸಿಕೊಳ್ಳಬೇಕು. "ಇದಕ್ಕೆ ನೀರು ಹೊಯ್ದಿದ್ದೀಯ. ಸುಳ್ಳು ಹೇಳ್ಬೇಡ, ತಾನಾಗೇ ಹೋಗಿ ನೀರು ಕುಡಿಯೋಕೆ ಇದೇನು ಹಸುನಾ?" ಬೈಸಿಕೊಂಡ ಮೇಲೆ ವಸ್ತು ಸರಿಯಾಗಿ ವಾಪಸು ಬರುತ್ತಿತ್ತು. ಹಾಗಾಗಿ ಊರು ಅವಳ ಬಾಯನ್ನು ಗುಡುಗು ಮಳೆಯ ಹಾಗೆ ಸಹಿಸಿಕೊಂಡಿತ್ತು. ಒಮ್ಮೆ ಮದುವೆಯೂ ಗೊತ್ತಾಗಿತ್ತು. ಹುಡುಗ ಲಾರಿ ಓಡಿಸುವವನು. "ಸ್ವಲ್ಪ ನಗಬಾರದಾ?" ಎಂದು ಅವನು ಕೇಳಿದ ಸಂಜೆಯೇ ಮದುವೆ ಮುರಿದುಬಿತ್ತು.

ಅಂಥ ನೊಯೇಮಿ ಆ ದಿನ ಬೆಳಗ್ಗೆ ಬೆರಳಿನ ಉಗುರಿನಷ್ಟು ಅಗಲದ ಒಂದು ಮೆಮೊರಿ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು ಪುರಸಭೆಯ ಮೆಟ್ಟಿಲು ಹತ್ತಿದಳು. ಇಸ್ತ್ರಿ ಅಂಗಿ ತೊಟ್ಟು ಫ್ಯಾನಿನ ಕೆಳಗೆ ಕೂತವರನ್ನೆಲ್ಲ ಆ ಸೀಮೆಯಲ್ಲಿ ಡಾಕ್ಟರ್ ಎಂದೇ ಕರೆಯುವುದು, ದೊಡ್ಡ ಹೆಂಗಸರನ್ನು ದೋನ್ಯ ಎಂದು. ಡಾಕ್ಟರ್ ಪರೇಹ ಜನ್ಮದಲ್ಲಿ ಯಾರ ನಾಡಿಯನ್ನೂ ಹಿಡಿದವನಲ್ಲ. ಪುರಸಭೆಗೆ ಸಾಮಾನು ಕೊಳ್ಳುವುದು ಅವನ ಕೆಲಸ. ನೊಯೇಮಿ ಕಾರ್ಡನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ಏನಿದು ಡಾಕ್ಟರ್?"

"ಕಾರ್ಡು, ದೋನ್ಯ ನೊಯೇಮಿ. ಕೂತ್ಕೊಳ್ಳಿ, ಒಂದು ಕರಿ ಕಾಫಿ ತರಿಸ್ತೀನಿ."

"ಕಾರ್ಡಲ್ಲ, ಹೆಣ. ಇದಕ್ಕೆ ಮುಂಚಿನದೂ ಹೆಣ, ಅದಕ್ಕೆ ಮುಂಚಿನದೂ ಹೆಣ. ಮಕ್ಕಳು ಫೋನಲ್ಲಿ ಹಾಡು ಕೇಳೋ ಕಾರ್ಡನ್ನ ತಂದು ಊರು ಕಾಯೋ ಯಂತ್ರಕ್ಕೆ ಹಾಕಿದ್ದೀರಿ."

"ಅಯ್ಯೋ, ಅದಕ್ಕೇನಂತೆ. ಹೊಸದು ಕೊಡ್ತೀನಿ. ಇದರ ಎರಡರಷ್ಟು ಹಿಡಿಯುತ್ತೆ, ಎಷ್ಟು ದೊಡ್ಡದು ಗೊತ್ತಾ?"

"ದೊಡ್ಡದು ಯಾರಿಗೆ ಬೇಕು? ಸಾಯದೇ ಇರೋದು ಬೇಕು!"

ಕಾಫಿ ತರುತ್ತಿದ್ದವಳು ಬಾಗಿಲಲ್ಲೇ ನಿಂತು, ಲೋಟಗಳನ್ನು ಹಾಗೇ ವಾಪಸು ಒಯ್ದಳು.

ಊರು ಕಾಯುವ ಯಂತ್ರವೆಂದರೆ ಚರ್ಚಿನ ಹಿಂಬದಿಯ ಕೋಣೆಯಲ್ಲಿ, ಪಾದ್ರಿಯ ನಿಲುವಂಗಿಗಳ ಪಕ್ಕದ ಗೋಡೆಗೆ ಬಡಿದಿದ್ದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ಅಂಗೈಯಗಲದ ಕಂಪ್ಯೂಟರು. ಹೊಳೆಯ ಮೇಲುಭಾಗದ ಸೇತುವೆಯ ಕೆಳಗೆ ಕೂರಿಸಿದ್ದ ಒಂದು ಯಂತ್ರದ ಕಣ್ಣು ಕೊಲೊರಾದ ಹೊಳೆಯ ಎತ್ತರವನ್ನು ನೋಡಿ ಹೇಳುತ್ತಿತ್ತು, ಪೆಟ್ಟಿಗೆ ಕೇಳಿಸಿಕೊಳ್ಳುತ್ತಿತ್ತು. ನೀರು ಗುರುತು ದಾಟಿದರೆ ಗೋಪುರದ ಸೈರನ್ನು ಬಿಡದೆ ಕೂಗಬೇಕು. ಪೆಟ್ಟಿಗೆಯನ್ನು ಹೊಂದಿಸಿದವಳು ನೊಯೇಮಿ. ಪಟ್ಟಣದ ಶಾಲೆಯವರು ಎಸೆದ ಕಂಪ್ಯೂಟರುಗಳನ್ನು ತಂದು, ಲಿನಕ್ಸ್ ಹಾಕಿ, ಕೆಡಿಸಿ, ಮತ್ತೆ ಹಾಕಿ ಕಲಿತವಳು. ಅಂಥ ಯಂತ್ರ ಪ್ರತಿ ಸಲ ಏಳುವಾಗಲೂ ತಾನು ಯಾರು, ಏನು ಮಾಡಬೇಕು ಎಂಬುದನ್ನೆಲ್ಲ ಆ ಕಾರ್ಡಿನಿಂದಲೇ ಓದಿಕೊಳ್ಳಬೇಕು. ಕಾರ್ಡು ಸತ್ತರೆ ಪೆಟ್ಟಿಗೆಗೆ ಮೈಯಲ್ಲಿ ಕರೆಂಟು ಇರುತ್ತದೆ, ತಲೆಯಲ್ಲಿ ಏನೂ ಇರುವುದಿಲ್ಲ. ಅಂಗಡಿಯಲ್ಲಿ ಕೂತೇ ಅದು ಎದ್ದಿದೆಯೋ ಇಲ್ಲವೋ ತಿಳಿಯಲೆಂದು ನೊಯೇಮಿ ಒಂದು ಏರ್ಪಾಡು ಮಾಡಿದ್ದಳು: ಎದ್ದ ಕೂಡಲೇ ಸೈರನ್ನಿನಿಂದ ಒಂದು ಚುಟುಕು ಕೂಗು. ಅಷ್ಟೇ, ಪರೀಕ್ಷೆಗೆ.

ಉದ್ಘಾಟನೆಯ ದಿನ ಪುರಾಧ್ಯಕ್ಷರು ರಿಬ್ಬನ್ನು ಕತ್ತರಿಸಿದ್ದರು, ಪಟಾಕಿ ಹಾರಿತ್ತು, ಹೊಳೆದಂಡೆಯ ಪ್ಲಾಯಾ ಕೇರಿಯ ಯಾವ ಮನೆಗಿಂತಲೂ ಅಗಲವಾದ ಬಣ್ಣದ ಬೋರ್ಡು ನಿಂತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಬೋರ್ಡಿಗೆ ಆದ ಖರ್ಚಿನ ಮೂಲೆಯಷ್ಟನ್ನು ಆ ಕಾರ್ಡಿಗೆ ಹಾಕಿದ್ದರೆ ಸಾಕಿತ್ತು ಎಂದು ನೊಯೇಮಿ ಕಂಡವರಿಗೆಲ್ಲ ಹೇಳುತ್ತಿದ್ದಳು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಅವಳಿಗೆ ಆ ಪೆಟ್ಟಿಗೆಯ ಮೇಲೆ ಅಷ್ಟು ಸಂಕಟ ಯಾಕೆಂದರೆ ಉಬಾಲ್ದೊ. ಹೊಳೆಯಿಂದ ಮರಳು ತೆಗೆದು ಮಾರುವವನು. ಪ್ಲಾಯಾ ಕೇರಿಯಲ್ಲಿ, ಹೊಳೆಗೆ ಎಲ್ಲರಿಗಿಂತ ಹತ್ತಿರದ ಮನೆ ಅವನದು. ಅವನ ಮಗಳು ದೇಯಾನಿರಳನ್ನು ಜ್ಞಾನಸ್ನಾನದ ದಿನ ಕೈಯಲ್ಲಿ ಎತ್ತಿಕೊಂಡವಳು ನೊಯೇಮಿ. ಅಂದಿನಿಂದ ಹುಡುಗಿಗೆ ಅವಳು ಧರ್ಮತಾಯಿ, ಮದ್ರೀನಾ, ಉಬಾಲ್ದೊಗೆ ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ. ಆ ನಂಟು ರಕ್ತದ ನಂಟಿಗಿಂತ ಕಡಿಮೆಯದಲ್ಲ. ಹಿಂದಿನ ಪ್ರವಾಹದಲ್ಲಿ ಕೇರಿಯ ಅರ್ಧಕ್ಕರ್ಧ ಕೊಚ್ಚಿಹೋದಾಗ, ದೇವರ ದಯೆ, ಅವನ ಮನೆಯವರೆಲ್ಲ ಮೇಲಿನ ಊರಿನ ಜಾತ್ರೆಗೆ ಹೋಗಿದ್ದರು. ಹೆಂಡತಿ ತೀರಿಕೊಂಡ ಮೇಲೂ ಉಬಾಲ್ದೊ ಅಲ್ಲಿಂದ ಕದಲಲಿಲ್ಲ.

"ಮೇಲೆ ಬಾ, ನನ್ನ ಅಂಗಡಿ ಹಿಂದೆ ಕೋಣೆ ಇದೆ" ಎಂದು ನೊಯೇಮಿ ಎಷ್ಟು ಸಲ ಹೇಳಿದ್ದಳೋ.

"ನಿನ್ನ ಹಿಂದಿನ ಕೋಣೇಲಿ ಇರೋದಕ್ಕಿಂತ ಹೊಳೆ ಮುಂದೆ ಇರೋದೇ ವಾಸಿ ಕೊಮಾದ್ರೆ. ಹೊಳೆ ಬೈಯೋದು ವರ್ಷಕ್ಕೊಂದೇ ಸಲ."

"ನಗು, ನಗು. ನೀರು ಬಂದಾಗ ಹಲ್ಲೇ ಮೊದಲು ತೇಲೋದು ನಿಂದು."

"ಅದಕ್ಕೇ ನೀನು ಪೆಟ್ಟಿಗೆ ಮಾಡಿದ್ದೀಯಲ್ಲ. ನಿನ್ನ ಪೆಟ್ಟಿಗೆ ಇದೆ ಅಂತಾನೇ ನಾನಿಲ್ಲಿ ನಿದ್ದೆ ಮಾಡ್ತಿರೋದು. ನಿನ್ನ ನಂಬಿದ್ದೀನಿ, ಪುರಾಧ್ಯಕ್ಷನ್ನಲ್ಲ."

ಈ ಮಾತೇ ಅವಳನ್ನು ಸುಡುತ್ತಿದ್ದದ್ದು. ತನ್ನನ್ನು ನಂಬಿ ಒಬ್ಬ ಮನುಷ್ಯ ಹೊಳೆಯ ಬಾಯಲ್ಲಿ ಮಲಗುತ್ತಾನೆ, ತಾನು ಹಾಡಿನ ಕಾರ್ಡನ್ನು ನಂಬಿ ಕೂತಿದ್ದೇನೆ. ಕಾರ್ಡಿನ ಬದಲು ಅವಳು ಒಂದು ಪೆನ್‌ಡ್ರೈವ್ ಹಾಕಿ ನೋಡಿದಳು. ಅದು ಬಿಸಿಯಾಗಿ, ಮಳೆಗಾಲ ಶುರುವಾಗುವ ಮೊದಲೇ ಕೈಕೊಟ್ಟಿತು. ಪಟ್ಟಣಕ್ಕೆ ಹೋಗಿ, ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಎಸ್‌ಎಸ್‌ಡಿ ಒಂದನ್ನು ತಂದು ಕೂರಿಸಿದಳು. ಚಕ್ರ ತಿರುಗುವುದಿಲ್ಲ, ಸದ್ದಿಲ್ಲ, ಮಿಂಚಿನಂಥ ವೇಗ. ಅದು ಎಲ್ಲಕ್ಕಿಂತ ಹೆಚ್ಚು ದಿನ ಬಾಳಿತು. ಒಂದು ದಿನ ಅದೂ ಹೋಯಿತು, ಅದೂ ಎಂಥ ಸಾವು: ತನ್ನ ಹೆಸರನ್ನೂ ಹೇಳಲಾರದ ಹಾಗೆ. ನೊಯೇಮಿ ಅದನ್ನು ಗೋಡೆಗೆ ಬೀಸಿ ಒಗೆದಳು. ಪಕ್ಕದ ಮನೆಯ ಗಿಳಿ ಅವಳಿಂದ ಕಲಿತ ಬೈಗುಳವನ್ನೇ ಅವಳಿಗೆ ವಾಪಸು ಹೇಳಿತು.

ಸತ್ತದ್ದು ಎಲ್ಲವೂ ಗುಡುಗು ಮಳೆಯ ದಿನಗಳಲ್ಲೇ ಎಂಬುದು ಆಮೇಲೆ ಹೊಳೆಯಿತು. ಸಿಡಿಲು ತಂತಿಯಲ್ಲಿ ಇಳಿದು ಬರುತ್ತಿದೆಯೇ? ಹಾಗಿದ್ದರೆ ಒಳಗಿನ ಕಂಪ್ಯೂಟರೂ ಸುಡಬೇಕಿತ್ತು. ಕಣ್ಣಾರೆ ನೋಡಿಬಿಡೋಣ ಎಂದು, ಒಂದು ಮಧ್ಯಾಹ್ನ ಬೆಟ್ಟದ ಮೇಲೆ ಮೋಡ ಕಟ್ಟಿದ್ದೇ ಅವಳು ಚರ್ಚಿನ ಹಿಂಬದಿಯ ಕೋಣೆಗೆ ಹೋಗಿ ಕೂತಳು. ಗುಡುಗುವಾಗ ಸಾನ್ ರೋಕೆಯಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಹಾಗಾಗಿ ಈ ಮೊದಲು ಗುಡುಗಿನ ಹೊತ್ತಲ್ಲಿ ಪೆಟ್ಟಿಗೆಯ ಎದುರು ಯಾರೂ ಕೂತಿರಲಿಲ್ಲ.

ಚರ್ಚನ್ನು ನೋಡಿಕೊಳ್ಳುತ್ತಿದ್ದವಳು ನೊಯೇಮಿಯ ಅಕ್ಕ ಎರ್ಮಿಂದಾ. ಮೊದಲ ಗುಡುಗಿಗೆ ಅವಳು ಗರಿಗಳ ಭಾನುವಾರದ ಒಣಗಿದ ಗರಿಯೊಂದನ್ನು ಸುಟ್ಟಳು. ಕನ್ನಡಿಗೆ ಬಟ್ಟೆ ಮುಚ್ಚಿದಳು. "ಸಂತ ಬಾರ್ಬರಮ್ಮ, ಕಾಪಾಡು" ಎಂದುಕೊಳ್ಳುತ್ತ ಮೀಟರ್ ಪೆಟ್ಟಿಗೆಯ ಹತ್ತಿರ ಹೋಗಿ, ಇಡೀ ಚರ್ಚಿನ ಮೇನ್ ಸ್ವಿಚ್ಚನ್ನು ಟಪ್ ಎಂದು ಕೆಳಗಿಳಿಸಿದಳು. ಗೋಡೆಯ ಪೆಟ್ಟಿಗೆಯ ಹಸಿರು ದೀಪ ಆರಿತು.

ಆಮೇಲೆ ನೊಯೇಮಿಯ ಬಾಯಿಂದ ಹೊರಟದ್ದು ಚರ್ಚಿನೊಳಗೆ ಆಡುವಂಥ ಮಾತಲ್ಲ.

"ನೀನಾ! ನೀನಾ ಕೊಂದಿದ್ದು! ನಾನು ಆ ಪರೇಹನ್ನ ಬೀದೀಲಿ ನಿಲ್ಸಿ ಕಳ್ಳ ಅಂದೆ, ಅಂಗಡಿಯವನ ಕಾಲರ್ ಹಿಡಿದೆ, ಕೊಲೆಗಾರ್ತಿ ನಮ್ಮನೇಲೇ ಇದ್ದಾಳೆ! ಎಷ್ಟು ದಿನದಿಂದ ಇದು?"

"ಎಷ್ಟು ದಿನದಿಂದ ಅಂದ್ರೆ? ಹುಟ್ಟಿದಾಗಿಂದ" ಎಂದಳು ಎರ್ಮಿಂದಾ, ಸೊಂಟಕ್ಕೆ ಕೈಯಿಟ್ಟು. "ಗುಡುಗಿದ್ರೆ ಸ್ವಿಚ್ಚು ಇಳಿಸ್ಬೇಕು ಅಂತ ಅಪ್ಪ ನಮಗೆ ಹೇಳಿಕೊಟ್ಟಿಲ್ವಾ? ನೀನು ಅಂಗಡೀಲಿ ಇಳಿಸಲ್ವಾ?"

"ನಾನು ಮೊದಲು ಎಲ್ಲಾನೂ ನೆಟ್ಟಗೆ ಮುಚ್ಚಿ, ಆಮೇಲೆ ಇಳಿಸ್ತೀನಿ!"

"ಹಂಗಂತ ನನಗೆ ಹೇಳಿದ್ಯಾ? ಪೆಟ್ಟಿಗೆ ಜೋಪಾನ ಅಕ್ಕ ಅಂದೆ. ಜೋಪಾನ ಮಾಡಿದೆ. ಸಿಡಿಲು ಬಡಿದು ಸುಟ್ಟುಹೋಗಿದ್ರೆ ಆವಾಗ್ಲೂ ನನ್ನೇ ಬೈತಿದ್ದೆ."

ಅವರ ತಂದೆ ಎಲಿಯೇಸರ್‌ನ ಕಾಲದಲ್ಲಿ ಸಿಡಿಲು ಅಂಟೆನಾ ಹಿಡಿದು ಒಳಗೆ ಬಂದು, ರಿಪೇರಿಗೆ ಬಂದಿದ್ದ ಊರವರ ರೇಡಿಯೊಗಳೆಲ್ಲ ಕರಕಲಾಗಿದ್ದವು. ಅಂದಿನಿಂದ ಆ ಊರಲ್ಲಿ ಗುಡುಗಿದರೆ ಸ್ವಿಚ್ಚು ಇಳಿಸುವುದು ಶಿಲುಬೆಯ ಗುರುತು ಹಾಕಿಕೊಂಡಷ್ಟೇ ಸಹಜ. ಹೊಳೆ ಏರುವುದೂ ಗುಡುಗಿದಾಗಲೇ ಅಲ್ಲವೇ ಎಂದು ನೊಯೇಮಿ ಕೂಗಿದಳು, ಕಿರುಚಿದಳು, ಕೊನೆಗೆ ಬೇಡಿದಳು. ಎರ್ಮಿಂದಾ ಕಡ್ಡಿ ಮುರಿದಂತೆ ಹೇಳಿದಳು: "ಗೋಪುರಕ್ಕೆ ಬೆಂಕಿ ಬಿದ್ದರೆ ಪಾದ್ರಿಗೆ ಉತ್ತರ ಹೇಳೋಳು ನಾನು. ಇಳಿಸ್ತೀನಿ. ನಿನ್ನ ಪೆಟ್ಟಿಗೆಗೆ ಬೇರೆ ದಾರಿ ನೋಡ್ಕೋ."

ಬೇರೆ ದಾರಿಯೆಂದರೆ ಪೆಟ್ಟಿಗೆಗೂ ಸೈರನ್ನಿಗೂ ಒಂದು ಬ್ಯಾಟರಿ. ಉಬಾಲ್ದೊನ ಲಾರಿ ಕೆಟ್ಟು ನಿಂತು ಬಹಳ ಕಾಲವಾಗಿತ್ತು. ಅವನು ಅದರ ಬ್ಯಾಟರಿ ಬಿಚ್ಚಿ, ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ತಂದಿಟ್ಟ. "ನನ್ನ ಮನೆ ಕಾಯೋಕೆ ನನ್ನದೇ ಬ್ಯಾಟರಿ. ಇನ್ನಾದ್ರೂ ಊರವರನ್ನ ಬೈಯೋದು ಬಿಡು ಕೊಮಾದ್ರೆ." ಆದರೆ ಚರ್ಚಿನ ಕರೆಂಟು ನಿಂತು ಬ್ಯಾಟರಿ ಕೈಗೆತ್ತಿಕೊಳ್ಳುವ ನಡುವೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಖಾಲಿ. ಅಷ್ಟರಲ್ಲೇ ಪೆಟ್ಟಿಗೆ ಬಿದ್ದು, ಮತ್ತೆ ಮೊದಲಿನಿಂದ ಏಳಬೇಕಾಗುತ್ತಿತ್ತು. ಆ ಬೀಳುವಿಕೆಯೇ ಕಾರ್ಡುಗಳಿಗೆ ಯಮ. ಬರೆದುಕೋ ಎಂದರೆ ಅವು ಬರೆದಾಯಿತು ಎನ್ನುತ್ತವೆ, ಬರೆದಿರುವುದಿಲ್ಲ, ಇನ್ನೂ ಕೈಯಲ್ಲೇ ಹಿಡಿದುಕೊಂಡಿರುತ್ತವೆ. ಆ ಗಳಿಗೆಯಲ್ಲಿ ಕರೆಂಟು ಹೋದರೆ ಕೈಯಲ್ಲಿದ್ದದ್ದೂ ಹೋಯಿತು, ಯಾವುದು ಎಲ್ಲಿದೆ ಎಂಬ ನೆನಪೂ ಹೋಯಿತು. ನೊಯೇಮಿಗೆ ಬೇಕಾಗಿದ್ದದ್ದು ಬಿದ್ದರೂ ಏಳುವಂಥದ್ದು.

ಅದು ಸಿಕ್ಕಿದ್ದು ಫಾನೋರ್‌ನ ಬಿಲಿಯರ್ಡ್ಸ್ ಅಂಗಡಿಯಲ್ಲಿ. ನಾಣ್ಯ ಸಿಕ್ಕಿಕೊಂಡ ಜೂಜಿನ ಯಂತ್ರವನ್ನು ಬಿಚ್ಚುತ್ತಿದ್ದಾಗ ಅವಳಿಗೆ ತಟ್ಟನೆ ಹೊಳೆಯಿತು. ಇವನು ದಿನಾ ಅಂಗಡಿ ಮುಚ್ಚುವಾಗ ಆಡುತ್ತಿರುವ ಯಂತ್ರಗಳನ್ನೂ ಒಂದೇ ಸ್ವಿಚ್ಚಿನಲ್ಲಿ ಸಾಯಿಸುತ್ತಾನೆ. ಗುಡುಗಿದರೂ ಸಾಯಿಸುತ್ತಾನೆ. ಒಂದಾದರೂ ನೆನಪು ಕಳೆದುಕೊಂಡದ್ದುಂಟೇ? ಒಳಗಿಂದ ಅವಳು ಒಂದು ಪುಟ್ಟ ಹಸಿರು ಪಟ್ಟಿಯನ್ನು ಹೊರಗೆಳೆದಳು. ಅದೂ ಚಕ್ರವಿಲ್ಲದ ಜಾತಿಯದೇ, ಆದರೆ ಕಾರ್ಖಾನೆಯ ಒರಟು ಕೆಲಸಕ್ಕೆಂದು ಮಾಡಿದ್ದು. ಅಂಚಿನಲ್ಲಿ ಸಾಲಾಗಿ ಕೆಪಾಸಿಟರುಗಳು. ಕರೆಂಟು ಹೋದ ಮೇಲೂ ಅವುಗಳಲ್ಲಿ ಒಂದು ಉಸಿರು ಉಳಿದಿರುತ್ತದೆ. ಕೈಯಲ್ಲಿರುವುದನ್ನು ಬರೆದು ಮುಗಿಸಲು ಅಷ್ಟು ಸಾಕು.

ಸಂತೋಷಪಡಬೇಕಾದವಳು ಕೆಂಡಾಮಂಡಲವಾದಳು. "ನೋಡೋ ಫಾನೋರ್! ಬಡವರ ಜೇಬು ಕತ್ತರಿಸೋ ಯಂತ್ರಕ್ಕೆ ಸಾಯದೇ ಇರೋ ನೆನಪು. ಬಡವರ ಜೀವ ಉಳಿಸೋ ಯಂತ್ರಕ್ಕೆ ಮಿಠಾಯಿ ಕಾಗದ!"

"ಮೂಲೆಯಲ್ಲಿ ಗುಜರಿ ಯಂತ್ರ ಇದೆಯಲ್ಲ, ಅದರದ್ದು ತಗೊಂಡು ಹೋಗು ತಾಯಿ" ಎಂದ ಫಾನೋರ್. "ಗಿರಾಕಿಗಳು ಎದ್ದು ಹೋಗ್ತಿದ್ದಾರೆ."

ಅವಳು ಅದನ್ನು ಹಿಡಿದು ಮತ್ತೆ ಪುರಸಭೆಗೆ ಹೋದಳು. ಇಂಥದೇ ಹೊಸದು ತರಿಸಿ ಎಂದಳು. ಡಾಕ್ಟರ್ ಪರೇಹ ಕಂಪ್ಯೂಟರಿನಲ್ಲಿ ಹುಡುಕಿ ನೋಡಿ ನಕ್ಕುಬಿಟ್ಟ. "ಇಷ್ಟೇ ಇಷ್ಟು ಹಿಡಿಯೋದಕ್ಕೆ ಇಷ್ಟೊಂದು ಬೆಲೆಯಾ? ಇದೇ ದುಡ್ಡಿಗೆ ಇದರ ಐವತ್ತರಷ್ಟು ಹಿಡಿಯೋದು ಬರುತ್ತೆ, ದೋನ್ಯ. ಲೆಕ್ಕ ಕೇಳಿದವರಿಗೆ ಏನು ಹೇಳಲಿ?"

"ಹೊಳೆಗೆ ಕಳಿಸಿ, ಅದು ಹೇಳುತ್ತೆ" ಎಂದು ಎದ್ದು ಬಂದಳು.

ಗುಜರಿಯದನ್ನೇ ಒರೆಸಿ, ಜೂಜಾಟ ಅಳಿಸಿ, ಲಿನಕ್ಸ್ ಹಾಕಿ ಪೆಟ್ಟಿಗೆಯಲ್ಲಿ ಕೂರಿಸಿದಳು. ಎದ್ದೇಳಲು ಬೇಕಾದದ್ದನ್ನು ಓದಬಹುದು, ಅಲ್ಲಿ ಬರೆಯುವಂತಿಲ್ಲ ಎಂದು ಬೀಗ ಹಾಕಿದಳು. ಆಮೇಲೆ ಒಂದು ಇಡೀ ಬೆಳಗ್ಗೆ ತಾನೇ ವೈರು ಕಿತ್ತಳು, ಸಿಕ್ಕಿಸಿದಳು, ಓದುವಾಗ ಕಿತ್ತಳು, ಬರೆಯುವಾಗ ಕಿತ್ತಳು. ಪ್ರತಿ ಸಲವೂ ಪೆಟ್ಟಿಗೆ ಎದ್ದಿತು. ಪ್ರತಿ ಸಲವೂ ಗೋಪುರದಿಂದ ಒಂದು ಚುಟುಕು ಕೂಗು. ಕಿವಿ ಮುಚ್ಚಿಕೊಂಡು ಕೂತಿದ್ದ ಎರ್ಮಿಂದಾಳನ್ನು ನೊಯೇಮಿ ಅಪ್ಪಿಕೊಂಡಳು. ಅಕ್ಕನಿಗೆ ಗಾಬರಿಯಾಯಿತು.

ಆ ವಾರವೇ ಗುಡುಗಿತು. ಮಧ್ಯಾಹ್ನದ ಹೊತ್ತು, ಬೆಟ್ಟದ ನೆತ್ತಿಯೆಲ್ಲ ಕಪ್ಪು, ಊರಲ್ಲಿ ಮಾತ್ರ ನಾಲ್ಕು ಹನಿ. ನೊಯೇಮಿ ಅಭ್ಯಾಸದಂತೆ ಅಂಗಡಿಯ ಸ್ವಿಚ್ಚು ಇಳಿಸಿದಳು. ಅತ್ತ ಅಕ್ಕನೂ ಇಳಿಸಿರಬೇಕು. ಪೆಟ್ಟಿಗೆ ಬಿದ್ದಿರಬೇಕು. ಅವಳು ಉಸಿರು ಹಿಡಿದು ನಿಂತಳು. ಗೋಪುರದಿಂದ ಚುಟುಕಾಗಿ, ಸ್ಪಷ್ಟವಾಗಿ, ಒಂದು ಕೂಗು ಬಂತು. ಎದ್ದಿತು! "ನೋಡಿದ್ರಾ ಡಾಕ್ಟರ್?" ಎಂದು ಅವಳು ಗೋಡೆಗೆ ಹೇಳಿದಳು.

ಬಾಗಿಲಿಗೆ ಬಂದು ನೋಡಿದರೆ ಎದುರು ಮನೆಯವಳು ಕನ್ನಡಿಯ ಬಟ್ಟೆ ತೆಗೆಯುತ್ತಿದ್ದಳು. ಗಂಡಸರು ಹಗ್ಗ, ಮಚ್ಚು ಹಿಡಿದು ಹೊಳೆಯ ಮೆಟ್ಟಿಲುಗಳ ಕಡೆ ಬಿರಬಿರನೆ ನಡೆಯುತ್ತಿದ್ದರು. ಅರೆಪಾ ರೊಟ್ಟಿ ಮಾರುವವಳ ಗಂಡನನ್ನು ತಡೆದು ಕೇಳಿದಳು.

"ಎಲ್ಲಿಗೋ ಇದು, ಮೆರವಣಿಗೆ?"

"ಕೂಗ್ತಲ್ಲ ದೋನ್ಯ. ಗುಡುಗು ಮುಗೀತು. ಹೊಳೇಲಿ ದಿಮ್ಮಿ ತೇಲಿ ಬಂದಿರುತ್ತೆ, ಮೊದಲು ಮಚ್ಚು ಹಾಕಿದವನದೇ ತಾನೇ?"

"ಮುಗೀತು ಅಂತ ಯಾರು ಹೇಳಿದ್ದು?"

"ನಿಮ್ಮ ಪೆಟ್ಟಿಗೇನೇ!" ಎಂದು ಅವನು ನಗುತ್ತ ಹೆಜ್ಜೆ ಕಿತ್ತ.

ಅಷ್ಟು ಹೊತ್ತಿಗೆ ಅವಳಿಗೆ ಎಲ್ಲ ತಿಳಿಯಿತು. ಎರ್ಮಿಂದಾ ಗುಡುಗಿದಾಗ ಸ್ವಿಚ್ಚು ಇಳಿಸುತ್ತಿದ್ದಳು, ಗುಡುಗು ದಾಟಿದ ಮೇಲೆ ಏರಿಸುತ್ತಿದ್ದಳು. ಏರಿಸಿದಾಗ ಪೆಟ್ಟಿಗೆ ಏಳುತ್ತಿತ್ತು, ಎದ್ದಾಗ ಕೂಗುತ್ತಿತ್ತು. ಅದು ಪರೀಕ್ಷೆಯ ಕೂಗು ಎಂದು ಉದ್ಘಾಟನೆಯ ದಿನ ಹೇಳಿದ್ದರು, ಪಟಾಕಿಯ ಸದ್ದಿನಲ್ಲಿ. ಪ್ಲಾಯಾ ಕೇರಿ ಕಿವಿಯಿಂದ ಕಲಿತದ್ದು ಬೇರೆ: ಸೈರನ್ನು ಕೂಗಿದರೆ ಮಳೆ ಮುಗಿಯಿತು, ಹೊಳೆಗೆ ಇಳಿಯಬಹುದು. ಈವರೆಗೆ ಅದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಇವತ್ತು, ಉಬಾಲ್ದೊನ ಬ್ಯಾಟರಿಯ ಮತ್ತು ಅವಳು ಹುಡುಕಿ ತಂದ ಸಾಯದ ನೆನಪಿನ ದೆಸೆಯಿಂದ, ಪೆಟ್ಟಿಗೆ ಗುಡುಗಿನ ಆರಂಭದಲ್ಲೇ ಬಿದ್ದು ಆರಂಭದಲ್ಲೇ ಎದ್ದಿತ್ತು.

ನೊಯೇಮಿ ಓಡಿದಳು. ಚಪ್ಪಲಿ ಒಂದು ಮೆಟ್ಟಿಲಲ್ಲಿ ಉಳಿಯಿತು. ಬಾಯಿಗೆ ಬಂದದ್ದನ್ನೆಲ್ಲ ಕೂಗಿದಳು: ಕತ್ತೆಗಳಾ, ಕುರುಡರಾ, ಸಾಯೋಕೆ ಹೊರಟಿದ್ದೀರಾ, ಹತ್ತಿ ಮೇಲೆ! ಅಷ್ಟರಲ್ಲಿ ಗೋಪುರದ ಸೈರನ್ನು ಮತ್ತೆ ಶುರುವಾಯಿತು. ಈ ಸಲ ನಿಲ್ಲಲಿಲ್ಲ. ಸೇತುವೆಯ ಕಣ್ಣು ಕಂಡಿತ್ತು, ಪೆಟ್ಟಿಗೆ ತನ್ನ ಕೆಲಸ ಮಾಡುತ್ತಿತ್ತು. ಮೆಟ್ಟಿಲ ಮೇಲಿದ್ದವರು ನಿಂತರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಉದ್ದ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಕೆಳಗಿನಿಂದ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹತ್ತತೊಡಗಿದರು. ದೇಯಾನಿರಳೂ ಹತ್ತುತ್ತಿದ್ದಳು, ಹಿಂದೆ ಹಿಂದೆ ನೋಡುತ್ತ.

ಉಬಾಲ್ದೊ ಎಲ್ಲರಿಗಿಂತ ಮೊದಲು ಹೋಗಿದ್ದ. ನೀರಿನ ಅಂಚಿನಲ್ಲಿ ಒಂದು ದೊಡ್ಡ ದಿಮ್ಮಿಯ ಮೇಲೆ ಕಾಲಿಟ್ಟು ಮಚ್ಚು ಬೀಸುತ್ತಿದ್ದ. ಹೊಳೆಯ ಮೊರೆತದಲ್ಲಿ ಅವನಿಗೆ ಸೈರನ್ನು ಕೇಳಿಸಿತೋ ಇಲ್ಲವೋ. ನೊಯೇಮಿ ಮಾತ್ರ ಅವನಿಗೆ ಕಂಡಳು. ಕೆದರಿದ ಕೂದಲು, ಒಂದೇ ಚಪ್ಪಲಿ, ಎರಡೂ ಕೈ ಎತ್ತಿ ಬೈಯುತ್ತಿರುವ ಕೊಮಾದ್ರೆ. ಅವನು ಮಚ್ಚು ಹಿಡಿದ ಕೈಯನ್ನು ಎತ್ತಿ ಆಡಿಸಿದ. ನಗುತ್ತಿದ್ದ. ಮತ್ತೆ ದಿಮ್ಮಿಗೆ ಬಾಗಿದ. ತಿರುವಿನಿಂದ ಕೆಂಪು ನೀರು ಗೋಡೆಯಂತೆ ಬಂದಾಗ ಅವನ ಬೆನ್ನು ಅತ್ತ ಇತ್ತು.

ಉಳಿದವರೆಲ್ಲ ಉಳಿದರು. ಮನೆಗಳು ಹೋದವು, ಲಾರಿ ಹೋಯಿತು, ಬೋರ್ಡು ಹೋಯಿತು. ಉಬಾಲ್ದೊ ಕೆಳಗಿನ ಊರ ಮೀನುಗಾರರಿಗೆ ಸಿಕ್ಕಿದ. ಒಂಬತ್ತು ದಿನದ ಪ್ರಾರ್ಥನೆ ನೊಯೇಮಿಯ ಅಂಗಡಿಯ ಹಿಂದಿನ ಕೋಣೆಯಲ್ಲೇ ನಡೆಯಿತು. ಅವಳು ಬಂದವರಿಗೆಲ್ಲ ಬೆಲ್ಲದ ನೀರು ಕೊಟ್ಟಳು, ಯಾರನ್ನೂ ಬೈಯಲಿಲ್ಲ. ಬೈಯಲು ಹುಡುಕಿದಳು, ಪರೇಹ, ಅಕ್ಕ, ಪುರಾಧ್ಯಕ್ಷ, ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲಿ ನಿಲ್ಲಿಸಿ ನೋಡಿದಳು. ಎಲ್ಲರ ಮೇಲೂ ಕೋಪವಿತ್ತು, ಯಾರ ಮೇಲೂ ಸಾಲುತ್ತಿರಲಿಲ್ಲ.

ಕೊನೆಯ ದಿನ ಡಾಕ್ಟರ್ ಪರೇಹ ಕಪ್ಪು ಟೈ ಕಟ್ಟಿಕೊಂಡು ಬಂದ. ಅವಳನ್ನು ಮೂಲೆಗೆ ಕರೆದು ಮೆಲ್ಲಗೆ ಹೇಳಿದ: "ರಾಜಧಾನಿಯಿಂದ ಬಂದಿದ್ರು ದೋನ್ಯ. ನಿಮ್ಮ ಯಂತ್ರ ಒಂದು ಕ್ಷಣವೂ ತಪ್ಪಿಲ್ಲವಂತೆ. ಸೈರನ್ ಸರಿಯಾಗಿ ಕೆಲಸ ಮಾಡಿತು ಅಂತ ಬರೆದಿದ್ದಾರೆ. ಪುರಸಭೆಯಿಂದ ನಿಮಗೊಂದು ಸನ್ಮಾನ—"

"ಹೊರಗೆ" ಎಂದಳು ನೊಯೇಮಿ.

"ದೋನ್ಯ, ಇದು ನಿಜ ತಾನೇ?"

"ನಿಜ. ಅದಕ್ಕೇ ಹೊರಗೆ ಹೋಗು ಅಂದಿದ್ದು!" ಅವಳ ದನಿಗೆ ಗೋಡೆಯ ಮೇಲಿನ ಉಬಾಲ್ದೊನ ಫೋಟೊ ಅಲುಗಿತು. ಪರೇಹ ಟೋಪಿಯನ್ನೂ ಮರೆತು ಹೋದ.

ಬಾಗಿಲಲ್ಲಿ ದೇಯಾನಿರ ನಿಂತಿದ್ದಳು. ಇಪ್ಪತ್ತು ದಾಟಿದ ಹುಡುಗಿ, ಅಪ್ಪನ ಹಾಗೆಯೇ ಅಗಲ ಭುಜ. ಒಂಬತ್ತು ದಿನವೂ ಮಾತಾಡದವಳು ಈಗ ಕೇಳಿದಳು: "ಮದ್ರೀನಾ, ನೀವು ಅಪ್ಪನಿಗೆ ಏನಂತ ಕೂಗಿದ್ರಿ?"

"ಓಡು ಅಂತ. ಮೇಲೆ ಹತ್ತು ಅಂತ."

"ಮೊದಲು?"

ನೊಯೇಮಿ ಖಾಲಿ ಲೋಟಗಳನ್ನು ಎತ್ತತೊಡಗಿದಳು.

"ನನಗೆ ಕೇಳಿಸ್ತು. ಸೈರನ್ನು ಶುರುವಾಗೋ ಮುಂಚೆ ನಾನು ಇನ್ನೂ ಅಪ್ಪನ ಹತ್ತಿರಾನೇ ಇದ್ದೆ. ನಿಮ್ಮನ್ನ ನೋಡಿ ಅಪ್ಪ ನಕ್ಕ. 'ನೋಡು, ಕೊಮಾದ್ರೆ ಬೈಯೋಕೆ ಇಲ್ಲೀವರೆಗೂ ಬಂದ್ಳು. ನೀನು ಹೋಗಿ ಸಮಾಧಾನ ಮಾಡ್ತಿರು, ನಾನು ಈ ದಿಮ್ಮಿ ಕಟ್ಟಿ ಬರ್ತೀನಿ' ಅಂದ." ಅವಳು ಅಳುತ್ತಿರಲಿಲ್ಲ. "ದಿನಾ ಬೈತಿದ್ರಲ್ಲ. ಅದೂ ಹಂಗೇ ಅಂದ್ಕೊಂಡ."

ಮರುದಿನ ನೊಯೇಮಿ ಚುಟುಕು ಕೂಗನ್ನು ಪೆಟ್ಟಿಗೆಯಿಂದ ಅಳಿಸಿ ಹಾಕಿದಳು. ಇನ್ನು ಅದು ಬಿದ್ದರೂ ಎದ್ದರೂ ಬಾಯಿಬಿಡುವುದಿಲ್ಲ. ನೀರು ಬಂದರೆ ಮಾತ್ರ. ಆಮೇಲೆ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಇಡೀ ಪ್ಲಾಯಾ ಕೇರಿಯನ್ನು, ಟಾರ್ಪಾಲು ಹೊದಿಸಿ ಮತ್ತೆ ಅಲ್ಲೇ ಬಿಡಾರ ಹೂಡಿದ್ದವರನ್ನು, ಹೊಳೆಯ ದಂಡೆಯಲ್ಲಿ ನಿಲ್ಲಿಸಿದಳು. ಮೇಲೆ ಎರ್ಮಿಂದಾ ಸೈರನ್ನಿನ ಗುಂಡಿ ಒತ್ತಬೇಕು, ಕೆಳಗೆ ಎಲ್ಲರೂ ಓಡಬೇಕು. ಸಿಡಿಲಿಗಿಂತ ಆ ಗುಂಡಿಗೆ ಹೆದರುತ್ತಿದ್ದ ಎರ್ಮಿಂದಾ ಕಣ್ಣು ಮುಚ್ಚಿಕೊಂಡೇ ಒತ್ತಿದಳು. ಉದ್ದನೆಯ ಕೂಗು ಕಣಿವೆಯನ್ನೆಲ್ಲ ತುಂಬಿತು. ಮುದುಕರು, ಮಕ್ಕಳು, ಕೋಳಿ ಹಿಡಿದ ಹೆಂಗಸರು, ಎಲ್ಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು.

ದೇಯಾನಿರ ಮಾತ್ರ ಹತ್ತಲಿಲ್ಲ. ಅಪ್ಪನ ಮನೆಯಿದ್ದ ಜಾಗದಲ್ಲಿ, ಉಳಿದಿದ್ದ ಸಿಮೆಂಟಿನ ನೆಲದ ಮೇಲೆ ಕೈಕಟ್ಟಿ ನಿಂತಿದ್ದಳು.

ನೊಯೇಮಿಯ ಬಾಯಿಗೆ ಬೈಗುಳ ಬಂತು. ಐವತ್ತು ವರ್ಷದ ಅಭ್ಯಾಸ, ಕರೆಯದೆ ಬರುತ್ತದೆ. "ಲೇ, ಕತ್ತೆ—" ಎಂದವಳು ಅಲ್ಲಿಗೇ ನಿಲ್ಲಿಸಿದಳು. ಎಲ್ಲರೂ ಮೇಲಿನಿಂದ ನೋಡುತ್ತಿದ್ದರು. ಸೈರನ್ನು ಕೂಗುತ್ತಲೇ ಇತ್ತು. ಅವಳು ಹತ್ತಿದ್ದಷ್ಟು ಮೆಟ್ಟಿಲನ್ನೂ ಇಳಿದು, ಕೆಸರು ದಾಟಿ, ಆ ಸಿಮೆಂಟಿನ ನೆಲದ ಅಂಚಿಗೆ ಬಂದು ನಿಂತಳು.

"ದೇಯಾನಿರ" ಎಂದಳು. "ಬಾ ಮಗಳೇ. ಹೊಳೆ ಬಂತು."

ಹುಡುಗಿ ಅವಳ ಮುಖವನ್ನು ನೋಡಿದಳು. ಆ ನೆಲದಿಂದ ಕೆಳಗಿಳಿದು, ಅವಳನ್ನು ದಾಟಿ, ಮೆಟ್ಟಿಲ ಕಡೆ ನಡೆದಳು. ನೊಯೇಮಿ ಅವಳ ಹಿಂದೆ ಹತ್ತಿದಳು.